ತುಕ್ಕು ಹಿಡಿದ ಹತಾರ: ಉಪ್ಪುಕಾಗದ, ವಿನಿಗರ್, ಸಿಟ್ರಿಕ್ ಆಸಿಡ್, ಕರೆಂಟು

ಕೆಂಪಗೆ ತುಕ್ಕು ಹಿಡಿದ ಉಳಿ ಕಂಡರೆ ಹೊಸದು ತರುವ ಮಾತು ಮೊದಲು ಬರುತ್ತದೆ. ಆದರೆ ಕಬ್ಬಿಣ ತುಕ್ಕಾದಾಗ ಗಾತ್ರದಲ್ಲಿ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ಮೇಲೆ ದಪ್ಪಗೆ ಎದ್ದು ಕಾಣುವ ಪದರಕ್ಕೆ ಹೋಲಿಸಿದರೆ ಒಳಗಿಂದ ಹೋಗಿರುವ ಉಕ್ಕು ತುಂಬ ಕಡಿಮೆ. ಹೆಚ್ಚಿನ ಹಳೇ ಹತಾರಗಳು ಉಳಿಯುವುದು ಇದರಿಂದಲೇ.

ತುಕ್ಕು ತೆಗೆಯಲು ಜನ ಸಾಮಾನ್ಯವಾಗಿ ಹೇಳುವ ನಾಲ್ಕು ದಾರಿಗಳನ್ನು ಉಳಿ, ಇಕ್ಕಳ, ಸ್ಪ್ಯಾನರ್, ಕೈಗರಗಸ, ಉಜ್ಜುಗೊರಡಿನ ಅಲಗು ಇವುಗಳ ಮೇಲೆ ಮಾಡಿ ನೋಡಿದ್ದೇನೆ. ಹೊಳಪಿಗೆ ನಾನು ಅಂಕ ಕೊಡಲಿಲ್ಲ. ತುಕ್ಕಿನ ಜೊತೆಗೆ ಒಳ್ಳೆಯ ಉಕ್ಕು ಎಷ್ಟು ಹೋಯಿತು, ಆಮೇಲೆ ತುಕ್ಕು ಎಷ್ಟು ಬೇಗ ವಾಪಸ್ ಬಂತು, ಇವೆರಡನ್ನೇ ನೋಡಿದೆ.

ಬೇಗ ಮುಗಿಯುವುದು ಉಪ್ಪುಕಾಗದ. ಕಷ್ಟ ಏನೆಂದರೆ ಅದು ಉಬ್ಬಿದ ಜಾಗವನ್ನೇ ಮೊದಲು ತಿನ್ನುತ್ತದೆ. ಕುಳಿಯೊಳಗಿನ ತುಕ್ಕು ಹಾಗೇ ಉಳಿದು, ಸುತ್ತಲಿನ ಒಳ್ಳೆಯ ಲೋಹ ಸವೆಯುತ್ತದೆ. ಉಳಿಯ ಮೇಲೆ ಒತ್ತಿದ್ದ ತಯಾರಕರ ಹೆಸರು ಮಸುಕಾಗುತ್ತದೆ, ಚೂಪಾಗಿರಬೇಕಾದ ಮೂಲೆಗಳು ದುಂಡಗಾಗುತ್ತವೆ. ಡ್ರಿಲ್ಲಿಗೆ ತಂತಿಬ್ರಷ್ ಸಿಕ್ಕಿಸಿ ಉಜ್ಜಿದರೆ ನೋಡಲು ಚೆಂದ, ಆದರೆ ತುಕ್ಕಿನ ಒಂದಷ್ಟು ಭಾಗ ನುಣ್ಣಗೆ ಮೆತ್ತಿಕೊಂಡು ಕಂದು ಹೊಳಪಾಗಿ ಅಲ್ಲೇ ಕೂತಿರುತ್ತದೆ. ಕೈಗರಗಸಕ್ಕೆ ಮಾತ್ರ ನಾನು ಉಪ್ಪುಕಾಗದವನ್ನೇ ಹಿಡಿಯುತ್ತೇನೆ. ಅಗಲವಾದ ತೆಳು ತಗಡು, ಆಮ್ಲದ ನೀರಲ್ಲಿ ನೆನೆಸುವುದಕ್ಕೆ ಪಾತ್ರೆಯೂ ಸುಲಭಕ್ಕೆ ಸಿಗದು. ಮರದ ತುಂಡಿಗೆ 320 ನಂಬರಿನ ವಾಟರ್ ಪೇಪರ್ ಸುತ್ತಿ, ಸೀಮೆಎಣ್ಣೆ ಹಚ್ಚಿ, ಹಲ್ಲಿನ ಸಾಲಿಗೆ ಸಮನಾಗಿ ಉದ್ದಕ್ಕೆ ಎಳೆದರೆ ಸಾಕು.

ವಿನಿಗರ್ ಬಗ್ಗೆ ಹೊಗಳಿಕೆ ಜಾಸ್ತಿ. ಅದರಲ್ಲಿರುವುದು ಸುಮಾರು 5 ಶೇಕಡಾ ಅಸಿಟಿಕ್ ಆಮ್ಲ. ರಾತ್ರಿ ಮುಳುಗಿಸಿಟ್ಟರೆ ಬೆಳಿಗ್ಗೆ ತುಕ್ಕು ಸಡಿಲವಾಗಿರುತ್ತದೆ, ಸರಿ. ಆದರೆ ತುಕ್ಕು ಮುಗಿದ ಮೇಲೆ ಆಮ್ಲ ಸುಮ್ಮನೆ ಕೂರುವುದಿಲ್ಲ, ಉಕ್ಕಿಗೇ ಕೈ ಹಾಕುತ್ತದೆ. ಅರ್ಧ ಮುಳುಗಿಸಿದ ಸ್ಪ್ಯಾನರಿನಲ್ಲಿ ದ್ರವದ ಮಟ್ಟ ಇದ್ದ ಕಡೆ ಕಚ್ಚಿದಂಥ ಗೆರೆಯೊಂದು ಬಿದ್ದಿತ್ತು. ಅದು ಉಜ್ಜಿದರೂ ಹೋಗಲಿಲ್ಲ. ಮೈಯೆಲ್ಲ ಕಪ್ಪು ಮಸಿ ಬೇರೆ.

ನನ್ನ ಮಟ್ಟಿಗೆ ಗೆದ್ದಿದ್ದು ಸಿಟ್ರಿಕ್ ಆಸಿಡ್, ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಬಿಳಿ ಹರಳು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 50 ಗ್ರಾಂ. ಇದೂ ಆಮ್ಲವೇ, ಆದರೆ ಕರಗಿದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಗುಣ ಇದಕ್ಕೆ ಹೆಚ್ಚು. ಹಾಗಾಗಿ ಕೆಲಸ ಬೇಗ ಆಗುತ್ತದೆ, ವಾಸನೆಯಿಲ್ಲ. ಇಕ್ಕಳದ ಕೀಲಿನ ಒಳಗೆ ಕೂಡ ಇಳಿಯುತ್ತದೆ. ಅಲ್ಲಾಡದೆ ಕಚ್ಚಿಕೊಂಡಿದ್ದ ಇಕ್ಕಳ ನೆನೆದ ಮೇಲೆ ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸಿದಾಗ ಬಿಟ್ಟುಕೊಂಡಿತು. ಮೊದಲು ಜಿಡ್ಡನ್ನು ಸೋಪಿನಿಂದ ತೊಳೆಯಲೇಬೇಕು, ಜಿಡ್ಡಿದ್ದ ಕಡೆ ಆಮ್ಲ ತಾಗುವುದಿಲ್ಲ. ಗಂಟೆಗೊಮ್ಮೆ ತೆಗೆದು ಬ್ರಷ್ಷಿನಿಂದ ಉಜ್ಜಿ ನೋಡಬೇಕು, ಉಕ್ಕು ಬೂದು ಬಣ್ಣಕ್ಕೆ ಬಂದೊಡನೆ ಎತ್ತಬೇಕು. ಹದ ಕೊಟ್ಟ ಗಟ್ಟಿ ಉಕ್ಕು, ಅದರಲ್ಲೂ ಸ್ಪ್ರಿಂಗು, ಆಮ್ಲದಲ್ಲಿ ಬಹಳ ಹೊತ್ತು ಇದ್ದರೆ ಹೈಡ್ರೋಜನ್ ಒಳಸೇರಿ ಪೆಡಸಾಗುವ ಅಪಾಯವಿದೆ. ಸತುವಿನ ಲೇಪನ ಇರುವುದನ್ನು ಹಾಕಲೇಬಾರದು, ಲೇಪನವೇ ಕರಗಿಹೋಗುತ್ತದೆ.

ತೆಗೆದ ಮೇಲಿನ ಹತ್ತು ನಿಮಿಷ ಮುಖ್ಯ. ಬರೀ ನೀರಲ್ಲಿ ತೊಳೆದು ಒಣಗಲು ಬಿಟ್ಟರೆ ಕಣ್ಣೆದುರೇ ಕಿತ್ತಳೆ ಬಣ್ಣದ ತೆಳು ತುಕ್ಕು ಹತ್ತುತ್ತದೆ. ಅಡಿಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ತೊಳೆದು, ಬಟ್ಟೆಯಿಂದ ಒರೆಸಿ, ಬಿಸಿಗಾಳಿ ಹಾಯಿಸಿ, ಆ ಬಿಸಿ ಇರುವಾಗಲೇ ಎಣ್ಣೆ ಸವರಬೇಕು.

ಕರೆಂಟಿನ ದಾರಿಗೆ ಸಿದ್ಧತೆ ಹೆಚ್ಚು, ಫಲಿತಾಂಶವೂ ಹೆಚ್ಚು. ಪ್ಲಾಸ್ಟಿಕ್ ಬಕೆಟ್, ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಹತಾರಕ್ಕೆ ಮೈನಸ್, ಬೇಡದ ಕಬ್ಬಿಣದ ತುಂಡಿಗೆ ಪ್ಲಸ್; ಎರಡೂ ಒಂದಕ್ಕೊಂದು ತಾಗಬಾರದು. ಮೈನಸ್ ಕಡೆ ಇರುವ ಒಳ್ಳೆಯ ಉಕ್ಕು ಕರಗುವುದಿಲ್ಲ, ಇದೇ ಇದರ ದೊಡ್ಡ ಗುಣ. ಚಕ್ಕೆ ಚಕ್ಕೆಯಾಗಿ ಏಳುವಷ್ಟು ತುಕ್ಕು ಹಿಡಿದಿದ್ದ ದೊಡ್ಡ ಸ್ಪ್ಯಾನರಿನ ಅಳತೆಯ ಅಂಕಿ ಓದಲು ಸಿಕ್ಕಿದ್ದು ಇದರಿಂದಲೇ. ಕಬ್ಬಿಣದ ತುಂಡಿಗೆ ಎದುರಾಗಿರುವ ಮೈ ಬೇಗ ಶುಚಿಯಾಗುತ್ತದೆ, ಬೆನ್ನು ನಿಧಾನ, ತಿರುಗಿಸುತ್ತಿರಬೇಕು. ಬ್ಯಾಟರಿ ಇದೆಯೇ ಎಂದು ಪರೀಕ್ಷಿಸಿಕೊಳ್ಳುವ ಹೊಸ ಥರದ ಚಾರ್ಜರುಗಳು ಇಲ್ಲಿ ಆನ್ ಆಗದೆ ಇರಬಹುದು. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಸೋಡಾದ ಬದಲು ಅಡಿಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಗುಳ್ಳೆಯಾಗಿ ಏಳುವ ಹೈಡ್ರೋಜನ್ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು, ಆದ್ದರಿಂದ ಈ ಕೆಲಸ ಬಯಲಿನಲ್ಲೇ ಆಗಬೇಕು.

ತುಕ್ಕು ಹೋದ ಮೇಲೆ ಉಳಿಯ ಬೆನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ಅರ್ಧ ಭಾಗ ಆ ಚಪ್ಪಟೆ ಬೆನ್ನೇ. ಅಲ್ಲಿ ತುದಿಯ ಹತ್ತಿರ ಸೂಜಿಮೊನೆಯಷ್ಟು ಕುಳಿ ಇದ್ದರೂ, ಸಾಣೆ ಹಿಡಿದಾಗ ಅದು ಬಾಯಿಗೆ ಬಂದು ಕಚ್ಚಾಗುತ್ತದೆ, ಮರದ ಮೇಲೆ ಗೀರು ಬಿಡುತ್ತದೆ. ಇಡೀ ಬೆನ್ನನ್ನು ಕನ್ನಡಿ ಮಾಡುವ ಶ್ರಮ ಬೇಡ, ತುದಿಯ ಒಂದೆರಡು ಸೆಂಟಿಮೀಟರ್ ಕುಳಿಯಿಲ್ಲದೆ ಸಮತಟ್ಟಾದರೆ ಸಾಕು. ಇದನ್ನು ಕೈಯಿಂದ ಸಾಣೆಕಲ್ಲಿನ ಮೇಲೆ ಮಾಡುವುದೇ ನನಗೆ ಇಷ್ಟ. ಗ್ರೈಂಡರ್ ವೇಗದ್ದು ನಿಜ, ಆದರೆ ತೆಳು ತುದಿ ಕ್ಷಣದಲ್ಲಿ ಕಾಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಉಕ್ಕು ನೀಲಿಗೆ ತಿರುಗಿತೆಂದರೆ ಸಾಮಾನ್ಯ ಕಾರ್ಬನ್ ಉಕ್ಕಿನ ಉಳಿಗೆ ಅಷ್ಟು ಜಾಗದ ಹದ ಹೋಯಿತು; ಆ ಭಾಗ ಸವೆದು ಹೋಗುವ ತನಕ ಬಾಯಿ ನಿಲ್ಲುವುದಿಲ್ಲ.

ಸುತ್ತಿಗೆಯ ಕಾವು, ಅಂದರೆ ಮರದ ಹಿಡಿ, ಸಡಿಲಾದರೆ ನೀರಲ್ಲಿ ನೆನೆಸಿಡಿ ಅನ್ನುವವರಿದ್ದಾರೆ. ಮರ ಉಬ್ಬಿ ಆ ದಿನಕ್ಕೆ ಬಿಗಿಯಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಹೊಸ ಬೆಣೆ ಹೊಡೆಯುವುದೇ ಸರಿ. ಕಾವಿಗೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಮೇಲಿನ ರಕ್ಷಣೆಗೆ ಹಲವರು ಡಬ್ಲ್ಯೂಡಿ-40 ಸಿಂಪಡಿಸಿ ಬಿಡುತ್ತಾರೆ. ಅದರ ಹೆಸರೇ ನೀರನ್ನು ಹೊರದೂಡುವ 40ನೇ ಸೂತ್ರ ಎಂದು. ನೀರು ಬಿಡಿಸಲು ಅದು ಒಳ್ಳೆಯದು, ಆದರೆ ಬಿಟ್ಟುಹೋಗುವ ಪದರ ತೆಳು. ದಿನಾ ಕೈಗೆ ಬರುವ ಹತಾರಕ್ಕೆ ಹೊಲಿಗೆ ಯಂತ್ರದ ಎಣ್ಣೆ, ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮಲಗುವುದಕ್ಕೆ ಮೇಣ, ಇದು ನನ್ನ ಆಯ್ಕೆ.

ಇಷ್ಟೆಲ್ಲ ಹೇಳಿಯೂ, ಕೆಲವನ್ನು ಬಿಡಲೇಬೇಕು. ಮುಖದಲ್ಲಿ ಬಿರುಕು ಬಿಟ್ಟ ಸುತ್ತಿಗೆಯಿಂದ ಚೂರು ಸಿಡಿದು ಕಣ್ಣಿಗೆ ಹೊಡೆಯಬಹುದು. ಹಲ್ಲಿನ ತುದಿ ಮಾತ್ರ ಕಪ್ಪುನೀಲಿಯಾಗಿರುವ ಈಗಿನ ಗರಗಸಗಳಿಗೆ ಹಲ್ಲು ಚೂಪು ಮಾಡುವ ಅರ ಹಿಡಿಯುವುದಿಲ್ಲ, ಆ ಹಲ್ಲು ಅರದಷ್ಟೇ ಗಟ್ಟಿ. ಅಂಥ ಗರಗಸದ ತಗಡನ್ನು ಕತ್ತರಿಸಿ ಮರ ಹೆರೆಯುವ ಪಟ್ಟಿ ಮಾಡಿಕೊಳ್ಳಬಹುದು, ಅದಕ್ಕೆ ಒಳ್ಳೆಯ ಉಕ್ಕು ಅದು.