3050 6 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕೋದಾ, ಹಳೇ 6600 ಹಾಕೋದಾ? ಪ್ರೀಬಿಲ್ಟ್ ಪಿಸಿಲಿ ಎರಡೂ ಹಾಕಿ ನೋಡಿದ್ದು

ತಮ್ಮನ ಹತ್ರ ಇರೋದು ದೊಡ್ಡ ಬ್ರಾಂಡಿನ ಪ್ರೀಬಿಲ್ಟ್ (ಕಂಪನಿಯೇ ಜೋಡಿಸಿ ಮಾರೋ) ಗೇಮಿಂಗ್ ಪಿಸಿ, ಹೆಸರು ಬೇಡ ಬಿಡಿ. ಐ5 10400ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್ ಅದೂ ಒಂದೇ ಸ್ಟಿಕ್, 1 ಟಿಬಿ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡಿಗೆ ಬಾಯಿಗೆ ಬಂದ ರೇಟ್ ಹೇಳ್ತಿದ್ದ ಕಾಲದಲ್ಲಿ ಬಿಡಿಬಿಡಿಯಾಗಿ ತಗೊಳೋದಕ್ಕಿಂತ ಇದೇ ಅಗ್ಗ ಅಂತ ಅಪ್ಪ ಕೊಡಿಸಿದ್ದು. ಈಗ 20 ಸಾವಿರದಲ್ಲಿ ಇದನ್ನ ಸರಿ ಮಾಡ್ಕೊಡು ಅಂತ ಅವನ ಹಠ.

ಕಾರ್ಡ್ ವಿಷಯಕ್ಕೆ ಬರೋ ಮುಂಚೆ ರ‍್ಯಾಮ್ ಮತ್ತೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ತುಂಬ ವೇಗದ ಸ್ಟೋರೇಜ್) ಮುಗಿಸಿಬಿಡ್ತೀನಿ, ಯಾಕಂದ್ರೆ ಇದರಲ್ಲಿ ಹೋಲಿಕೆ ಮಾಡೋಕೆ ಏನೂ ಇಲ್ಲ, ಎರಡೂ ಬೇಕೇ ಬೇಕು. ಒಂದೇ ಸ್ಟಿಕ್ ಇದ್ರೆ ಸಿಂಗಲ್ ಚಾನೆಲ್, ಅಂದ್ರೆ ಮೆಮೊರಿ ಬ್ಯಾಂಡ್‌ವಿಡ್ತ್ ಅರ್ಧಕ್ಕರ್ಧ. ಇನ್ನೊಂದು 8 ಜಿಬಿ ಹಾಕಿದ ಮೇಲೆ ವ್ಯಾಲೊರಂಟ್‌ನಲ್ಲಿ ಆವರೇಜ್ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡತ್ತೆ ಅನ್ನೋ ಲೆಕ್ಕ) ಸ್ವಲ್ಪ ಏರ್ತು, ಅದು ದೊಡ್ಡದಲ್ಲ, ಆದ್ರೆ ಸ್ಮೋಕ್ ಬಿದ್ದಾಗ ನಾಲ್ಕು ಜನ ಒಟ್ಟಿಗೆ ನುಗ್ಗಿದಾಗ ಗಕ್ಕಂತ ನಿಲ್ಲೋದು ನಿಂತೋಯ್ತು. 3200 ಸ್ಪೀಡಿನ ಸ್ಟಿಕ್‌ಗೆ ಜಾಸ್ತಿ ದುಡ್ಡು ಕೊಡಬೇಡಿ, ಈ ಪ್ರೊಸೆಸರ್ ಇಂಥ ಎಚ್410, ಬಿ460 ಮದರ್‌ಬೋರ್ಡಲ್ಲಿ 2666ಕ್ಕೇ ಓಡೋದು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ದೆಸೆಯಿಂದ ಮೆಮೊರಿ ರೇಟ್ ಬೇರೆ ಏರಿ ಕೂತಿದೆ, ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹಳೇ ಡಿಡಿಆರ್4 ಸ್ಟಿಕ್ ಹುಡುಕೋದೇ ವಾಸಿ. ಎಸ್‌ಎಸ್‌ಡಿ ಅಂತೂ ಕೇಳಲೇಬೇಡಿ, ಸೈಬರ್‌ಪಂಕ್ 2077 ಗೇಮಿನವರೇ 2023ರಲ್ಲಿ ಪಿಸಿಲಿ ಕನಿಷ್ಠ ಏನಿರಬೇಕು ಅನ್ನೋ ಲಿಸ್ಟಿಂದ ಹಾರ್ಡ್ ಡಿಸ್ಕ್ ಕಿತ್ತಾಕಿದಾರೆ.

ಈಗ ಕಾರ್ಡು. ಯೂಟ್ಯೂಬ್‌ನಲ್ಲಿ ಬೆಂಚ್‌ಮಾರ್ಕ್ ತೋರಿಸೋರೆಲ್ಲ ದೊಡ್ಡ ಕ್ಯಾಬಿನೆಟ್, 750 ವ್ಯಾಟ್ ಪವರ್ ಸಪ್ಲೈ ಇಟ್ಕೊಂಡು ತೋರಿಸ್ತಾರೆ. ನಮ್ಮ ಡಬ್ಬಾ ತೆಗೆದು ನೋಡಿದ್ರೆ 310 ವ್ಯಾಟ್, ಅದೂ ಕಂಪನಿದೇ ಸ್ವಂತ ಡಿಸೈನು, ಬರೀ 12 ವೋಲ್ಟ್ ಕೊಡತ್ತೆ, ಮಾಮೂಲಿ ಪಿಸಿಲಿ ಮದರ್‌ಬೋರ್ಡಿಗೆ ಹೋಗೋ 24 ಪಿನ್ ವೈರೇ ಇಲ್ಲ, ಹಾರ್ಡ್ ಡಿಸ್ಕಿಗೆ ಕರೆಂಟ್ ಮದರ್‌ಬೋರ್ಡಿಂದ ಹೋಗತ್ತೆ, ಗ್ರಾಫಿಕ್ಸ್ ಕಾರ್ಡಿಗೆ ಅಂತ 6 ಪಿನ್, 8 ಪಿನ್ ಯಾವುದೂ ಇಲ್ಲ. ಅಂದ್ರೆ ಕಾರ್ಡ್ ಸಿಕ್ಕಿಸೋ ಮದರ್‌ಬೋರ್ಡ್ ಸ್ಲಾಟ್ ಕೊಡೋ 75 ವ್ಯಾಟ್ ಅಷ್ಟೇ ನಮ್ಮ ಪಾಲು. 1650 ಅದರಲ್ಲೇ ಬದುಕ್ತಿತ್ತು.

ಅಲ್ಲಿಗೆ ದಾರಿ ಎರಡೇ. ಒಂದು, ಆ 75 ವ್ಯಾಟ್ ಒಳಗೇ ಇರೋ ಎನ್‌ವಿಡಿಯಾದ ಆರ್‌ಟಿಎಕ್ಸ್ 3050 6 ಜಿಬಿ. ಇನ್ನೊಂದು, ಪವರ್ ಸಪ್ಲೈನೇ ಬದಲಾಯಿಸಿ ಎಎಂಡಿಯ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600. ಅದೃಷ್ಟಕ್ಕೆ 3050 ನನ್ನ ಫ್ರೆಂಡ್ ಹತ್ರ ಇತ್ತು, 6600 ಚಿಕ್ಕಪ್ಪನ ಮಗನ ಹತ್ರ, ಎರಡನ್ನೂ ಈಸ್ಕೊಂಡು ಬಂದು ಇದೇ ಪಿಸಿಗೆ ಹಾಕಿ ನೋಡಿದ್ವಿ.

3050 ಹಾಕೋಕೆ ಕಷ್ಟ ಅನ್ನೋದೇ ಇಲ್ಲ. ಹಳೇದು ಕಿತ್ತು ಇದನ್ನ ಸಿಕ್ಕಿಸಿ ಡ್ರೈವರ್ ಹಾಕಿದ್ರೆ ಆಯ್ತು. 70 ವ್ಯಾಟ್ ಕಾರ್ಡು, ಫ್ಯಾನ್ ಸದ್ದೂ ಇಲ್ಲ, ನಮ್ಮ ದಾವಣಗೆರೆ ಏಪ್ರಿಲ್ ಸೆಕೆಲೂ ಮುಚ್ಚಿದ ಡಬ್ಬಾದಲ್ಲಿ ತಣ್ಣಗೆ ಓಡ್ತು. ತಗೊಳೋವಾಗ ಒಂದು ಹುಷಾರಿ ಬೇಕು, 2022ರಲ್ಲಿ ಬಂದ 3050 8 ಜಿಬಿ ಬೇರೆ, 2024ರಲ್ಲಿ ಬಂದ 6 ಜಿಬಿ ಬೇರೆ. 8 ಜಿಬಿದು 130 ವ್ಯಾಟ್ ಎಳೆಯತ್ತೆ, ಪವರ್ ವೈರ್ ಕೇಳತ್ತೆ, ನಮ್ಮಂಥ ಡಬ್ಬಾಗೆ ಆಗಲ್ಲ.

ಆದ್ರೆ ಗೇಮ್ ಹಾಕಿದ ಮೇಲೆ ಮುಖ ಸಪ್ಪೆ ಆಯ್ತು. 1650ಗಿಂತ ಹೆಚ್ಚಿದ್ದು ಸುಮಾರು ಕಾಲು ಭಾಗ. ಸೈಬರ್‌ಪಂಕ್‌ನಲ್ಲಿ ಡಿಎಲ್‌ಎಸ್‌ಎಸ್ (ಚಿಕ್ಕದಾಗಿ ಚಿತ್ರ ಮಾಡಿ ದೊಡ್ಡದು ಮಾಡೋ ಎನ್‌ವಿಡಿಯಾ ತಂತ್ರ) ಆನ್ ಮಾಡಿದ್ರೆ ಚೆನ್ನಾಗೇ ಕಾಣತ್ತೆ, 1080ಪಿಲಿ ಎಎಂಡಿಯ ಅದೇ ಥರದ ಎಫ್‌ಎಸ್‌ಆರ್‌ಗಿಂತ ಕ್ಲೀನ್ ಅಂತ ನನಗನ್ಸಿದ್ದು, ಕಾರ್ಡಿನ ಮೆಮೊರಿ ಸಾಲದೆ ಟೆಕ್ಸ್ಚರ್ ಕಲಸಿಹೋಗೋದೂ 4 ಜಿಬಿಯ 1650ಗಿಂತ ಕಮ್ಮಿ. ಜಿಟಿಎ 5, ವ್ಯಾಲೊರಂಟ್‌ನಲ್ಲಿ ಮಾತ್ರ ತಮ್ಮಂಗೆ ವ್ಯತ್ಯಾಸವೇ ಗೊತ್ತಾಗ್ಲಿಲ್ಲ, ಅವನ ಮಾನಿಟರ್ 75 ಹರ್ಟ್ಸ್, ಗೊತ್ತಾಗೋದಾದ್ರೂ ಹೆಂಗೆ. ಹೊಸದಕ್ಕೆ 16 ಸಾವಿರ ಮೇಲೆ ಕೊಟ್ಟು ಇಷ್ಟೇನಾ?

6600 ಕತೆ ಪೂರ್ತಿ ಉಲ್ಟಾ. ಹಾಕೋದು ರಾಮಾಯಣ, ಹಾಕಿದ ಮೇಲೆ ಸುಖ. 132 ವ್ಯಾಟ್ ಕಾರ್ಡು, ಒಂದು 8 ಪಿನ್ ಬೇಕು, 450 ವ್ಯಾಟ್ ಸಪ್ಲೈ ಇರ್ಲಿ ಅಂತ ಎಎಂಡಿನೇ ಹೇಳತ್ತೆ. ಮಾಮೂಲಿ 450 ವ್ಯಾಟ್ ಎಟಿಎಕ್ಸ್ ಸಪ್ಲೈ, ಜೊತೆಗೆ 24 ಪಿನ್ನಿಂದ ನಮ್ಮ ಬೋರ್ಡಿನ ಪಿನ್‌ಗೆ ಬರೋ ಅಡಾಪ್ಟರ್ ವೈರ್ ಆನ್‌ಲೈನ್‌ನಲ್ಲಿ ತರಿಸಿದ್ವಿ. ಇಲ್ಲಿ ಮಾತ್ರ ಅವಸರ ಬೇಡ, ಪಿನ್ ಲೆಕ್ಕ ಒಂದೇ ಇದ್ರೂ ಕಂಪನಿಯಿಂದ ಕಂಪನಿಗೆ ವೈರಿಂಗ್ ಬೇರೆ ಇರತ್ತೆ, ನಿಮ್ಮ ಮದರ್‌ಬೋರ್ಡ್ ನಂಬರ್ ಹಾಕಿ ಅದಕ್ಕೇ ಅಂತ ಬರೋದನ್ನೇ ತಗೊಳ್ಳಿ, ತಪ್ಪಿದ್ರೆ ಬೋರ್ಡೇ ಹೊಗೆ. ಸಪ್ಲೈ ಕೂತ್ಕೊಳೋ ಜಾಗದಲ್ಲಿ ಸ್ಕ್ರೂ ತೂತು ಹೊಂದಲಿಲ್ಲ, ಚಿಕ್ಕಪ್ಪನ ಮಗ "ಅಣ್ಣಾ, ಒಳಗೆ ಯಾರ್ ನೋಡ್ತಾರೆ" ಅಂತ ಎರಡು ಸ್ಕ್ರೂ, ನಾಲ್ಕು ಜಿಪ್ ಟೈಲಿ ಬಿಗಿದ.

ಆಮೇಲೆ ಆನ್ ಮಾಡಿದ್ರೆ 1650ಗಿಂತ ಹತ್ರಹತ್ರ ಡಬಲ್. ಸೈಬರ್‌ಪಂಕ್ ಮೀಡಿಯಂ ಹೈ ಮಿಕ್ಸಲ್ಲಿ 60ರ ಆಸುಪಾಸು, ಫೋರ್ಜಾ ಹೊರೈಝನ್ 5 ಹೈನಲ್ಲಿ ನೀರು ಕುಡಿದಂಗೆ. ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ ಪಿಸಿಐಇ, ಇದು ಅದರ 4.0 ಕಾರ್ಡು, ನಮ್ಮ ಬೋರ್ಡ್ ಹಳೇ 3.0, ಆದ್ರೂ 8 ಲೇನ್ (ಡೇಟಾ ಓಡೋ ಸಾಲು) ಇರೋದ್ರಿಂದ ನಷ್ಟ ಕಣ್ಣಿಗೆ ಕಾಣಲ್ಲ. ಸೆಕೆ ಮಾತ್ರ ಇದೆ, ಮುಂದಿನ ಪ್ಯಾನಲ್ ಪೂರ್ತಿ ಪ್ಲಾಸ್ಟಿಕ್, ಗಾಳಿ ಹೋಗಲ್ಲ, ಫ್ಯಾನ್ ಕೂಗತ್ತೆ, ಪಕ್ಕದ ಬಾಗಿಲು ತೆಗೆದಿಟ್ರೆ ಸುಮ್ಮನಾಗತ್ತೆ. ಗೇಮ್‌ಪ್ಲೇ ರೆಕಾರ್ಡ್ ಮಾಡೋರು, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಕಲಿಯೋರು ಇದ್ರೆ ಎನ್‌ವಿಡಿಯಾ ಕಡೆ ಸ್ವಲ್ಪ ವಾಲಬಹುದು, ತಮ್ಮನ ತಲೇಲಿ ಅದೆಲ್ಲ ಇಲ್ಲ.

ಉಳಿದ ಕಾರ್ಡುಗಳ ವಿಷಯ ಬೇಗ ಹೇಳ್ತೀನಿ. 6500 ಎಕ್ಸ್‌ಟಿ ಬರೀ 4 ಲೇನ್, 4 ಜಿಬಿ, 3.0 ಬೋರ್ಡಲ್ಲಿ ದಂಡ. ಇಂಟೆಲ್ ಆರ್ಕ್‌ಗೆ ರೀಸೈಜೆಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿ ಪೂರ್ತಿ ಒಟ್ಟಿಗೆ ಮುಟ್ಟೋ ಸೌಲಭ್ಯ) ಬೇಕು, ನಮ್ಮ ಬಯಾಸಲ್ಲಿ (ಮದರ್‌ಬೋರ್ಡ್ ಸೆಟ್ಟಿಂಗಲ್ಲಿ) ಆ ಆಪ್ಷನ್ನೇ ಇಲ್ಲ. 1660 ಸೂಪರ್ ಅಗ್ಗಕ್ಕೆ ಸಿಗತ್ತೆ, ಗ್ರಾಫಿಕ್ಸ್ ಕಾರ್ಡಲ್ಲಿ ಎಥೀರಿಯಂ ಅನ್ನೋ ಕ್ರಿಪ್ಟೋ ದುಡ್ಡು ಗಳಿಸೋ ಮೈನಿಂಗ್ ನಿಂತ 2022ರ ಸೆಪ್ಟೆಂಬರ್ ತನಕ ಹಗಲೂ ರಾತ್ರಿ ದುಡಿದಿದ್ದು ಯಾವುದು ಅಂತ ಗೊತ್ತಾಗಲ್ಲ, ಅದಕ್ಕೂ ಪವರ್ ವೈರ್ ಬೇಕು, ಸಪ್ಲೈ ಬದಲಾಯಿಸೋದೇ ಆದ್ರೆ 6600ಗೇ ಹೋಗಿ.

ನನ್ನ ಲೆಕ್ಕ ಹಿಂಗೆ. ಆಗಲೇ 1650 ಇರೋರಿಗೆ 3050 6 ಜಿಬಿ ಬೇಡ, ಅದು ಆಫೀಸಿಂದ ಬಂದ ಹಳೇ ಪಿಸಿಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲದೋರಿಗೆ ಸರಿ. ಡಬ್ಬಾ ಬಿಚ್ಚೋಕೆ ಧೈರ್ಯ ಇದ್ರೆ 6600, ಆ ಪವರ್ ಸಪ್ಲೈ ನಾಳೆ ಬೇರೆ ಪಿಸಿಗೂ ಆಗತ್ತೆ. ಧೈರ್ಯ ಇಲ್ವಾ, ರ‍್ಯಾಮ್ ಎಸ್‌ಎಸ್‌ಡಿ ಹಾಕಿ 1650ಲ್ಲೇ ಇರಿ, ಮಿಕ್ಕಿದ ದುಡ್ಡು ಎತ್ತಿಡಿ.

ನಾವು ಬಿಲ್ ಇರೋ, ವಾರಂಟಿ ಬಾಕಿ ಇರೋ 6600 ಒಂದನ್ನ 12 ಸಾವಿರಕ್ಕೆ ತಗೊಂಡ್ವಿ, ಅಂಗಡೀಲೇ ಅರ್ಧ ಗಂಟೆ ಲೋಡ್ ಕೊಟ್ಟು ಟೆಂಪರೇಚರ್ ನೋಡಿ. ಸಪ್ಲೈ, ವೈರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಸೇರಿ 20 ದಾಟಿತು ಸ್ವಲ್ಪ, ಅದನ್ನ 1650 ಮಾರಿ ಸರಿದೂಗಿಸಬೇಕು. ಕೇಳೋರೆಲ್ಲ ಮೂರಕ್ಕೆ ಕೊಡ್ತೀರಾ ಅಂತಾರೆ, ತಮ್ಮ ಐದಕ್ಕೆ ಕಮ್ಮಿ ಇಲ್ಲ ಅಂತ ಕೂತಿದಾನೆ.