ಸೀಸರನಿಗೆ ಚೂರಿಯೋ ಪಿಸ್ತೂಲೋ: ಮೂರು ಪ್ರಯೋಗಗಳ ಹೋಲಿಕೆ

ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಎರಡನೇ ಅಂಕದಲ್ಲಿ ಗಡಿಯಾರ ಮೂರು ಹೊಡೆಯುತ್ತದೆ. ಸೀಸರನ ರೋಮಿನಲ್ಲಿ ಗಂಟೆ ಹೊಡೆಯುವ ಗಡಿಯಾರ ಇರಲೇ ಇಲ್ಲ. ತನ್ನ ಕಾಲವನ್ನು ನಾಟಕದೊಳಕ್ಕೆ ಶೇಕ್ಸ್‌ಪಿಯರನೇ ತಂದಿರುವಾಗ, ಇವತ್ತಿನವರು ಪಾತ್ರಗಳಿಗೆ ಕೋಟು, ಜೀನ್ಸು ತೊಡಿಸಿದರೆ ತಕರಾರಿಲ್ಲ. ಹೊಸ ಉಡುಪಿನಲ್ಲಿ ಹಳೇ ಮಾತು ನಿಲ್ಲುತ್ತದೆಯೇ ಎಂದಷ್ಟೇ ನೋಡಬೇಕು. ಜನಜಂಗುಳಿ, ಚೂರಿ, ಶಕುನ, ಈ ಮೂರರಲ್ಲಿ ಅದು ಗೊತ್ತಾಗಿಬಿಡುತ್ತದೆ. ಕೆಳಗಿನ ಮೂರೂ ಪ್ರಯೋಗಗಳು ಚಿತ್ರೀಕರಣಗೊಂಡಿವೆ. ಒಂದರ ಪಕ್ಕ ಒಂದಿಟ್ಟು ನೋಡಬಹುದು.

ಜನಜಂಗುಳಿಯಲ್ಲಿ ನಿಕೊಲಸ್ ಹೈಟ್ನರ್ ಪ್ರಯೋಗಕ್ಕೆ (ಬ್ರಿಡ್ಜ್ ಥಿಯೇಟರ್, ಲಂಡನ್, 2018) ಸಾಟಿಯಿಲ್ಲ. ನಡುನೆಲದಲ್ಲಿ ಕುರ್ಚಿಗಳಿಲ್ಲ, ಟಿಕೆಟ್ ಕೊಂಡವರು ನಿಂತಿರುತ್ತಾರೆ, ವೇದಿಕೆಯ ತುಂಡುಗಳು ಅವರ ಮಧ್ಯದಿಂದಲೇ ಮೇಲೇಳುತ್ತವೆ. ಶುರುವಾಗುವುದು ರಾಕ್ ಬ್ಯಾಂಡಿನಿಂದ, ಥೇಟ್ ಚುನಾವಣಾ ಸಭೆ. ಸೀಸರನ ಕೊಲೆಯ ನಂತರ ಅವನ ಗೆಳೆಯ ಆಂಟನಿ ಜನರೆದುರು ಮಾಡುವ ಭಾಷಣಕ್ಕೆ ಬೇಕಾದ ಗುಂಪು ಅಲ್ಲಿ ತಾನಾಗಿಯೇ ನಿಂತಿದೆ. ಎಡವಿದ್ದು ಪಿಸ್ತೂಲಿನಲ್ಲಿ: ಇಲ್ಲಿ ಸೀಸರನನ್ನು ಇರಿಯುವುದಿಲ್ಲ, ಗುಂಡಿಕ್ಕುತ್ತಾರೆ. ಮೂಲ ನಾಟಕದಲ್ಲಿ ಕೊಲೆಯಾದ ಮೇಲೆ ಸಂಚುಗಾರರಲ್ಲೊಬ್ಬನಾದ ಬ್ರೂಟಸ್ ‘ಮೊಣಕೈವರೆಗೂ ನೆತ್ತರಲ್ಲಿ ಕೈ ಅದ್ದೋಣ’ ಎನ್ನುತ್ತಾನೆ. ಆಂಟನಿ ಸೀಸರನ ನಿಲುವಂಗಿ ಬಿಡಿಸಿ, ಇಲ್ಲಿ ಕ್ಯಾಸಿಯಸ್ ಇರಿದ, ಇದು ಕ್ಯಾಸ್ಕ ಹರಿದದ್ದು ಎಂದು ಒಂದೊಂದೇ ತೂತು ತೋರಿಸುತ್ತಾನೆ. ಇವು ಮೈಗೆ ಮೈ ತಾಗುವಷ್ಟು ಹತ್ತಿರ ಬಂದು ಕೊಂದವರ ಮಾತುಗಳು. ಐದನೇ ಅಂಕದಲ್ಲಿ ಕ್ಯಾಸಿಯಸ್ ಸಾಯುವುದೂ ಸೀಸರನ ಹೊಟ್ಟೆಗೆ ಇಳಿದಿದ್ದ ಅದೇ ಕತ್ತಿಯಿಂದ. ಗುಂಡು ದೂರದಿಂದ ಹಾರಿ ಕ್ಷಣದಲ್ಲಿ ಕೆಲಸ ಮುಗಿಸಿಬಿಡುತ್ತದೆ, ಈ ನಂಟು ಅಲ್ಲೇ ಕಡಿಯುತ್ತದೆ.

ಗ್ರೆಗರಿ ಡೋರನ್ (ರಾಯಲ್ ಶೇಕ್ಸ್‌ಪಿಯರ್ ಕಂಪನಿ, 2012) ನಾಟಕವನ್ನು ಇಂದಿನ ಆಫ್ರಿಕಾಕ್ಕೆ ಒಯ್ದರು, ನಟವರ್ಗವೆಲ್ಲ ಕಪ್ಪುಜನರು. ಅದರ ಹಿಂದೆ ಒಂದು ಪುಸ್ತಕವಿದೆ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಭಾರತೀಯ ಮೂಲದ ಕೈದಿಯೊಬ್ಬರು ಶೇಕ್ಸ್‌ಪಿಯರ್ ಸಂಪುಟಕ್ಕೆ ದೀಪಾವಳಿ ಕಾರ್ಡುಗಳನ್ನು ಅಂಟಿಸಿ, ಧರ್ಮಗ್ರಂಥವೆಂದು ಹೇಳಿ ಉಳಿಸಿಕೊಂಡಿದ್ದರು. 1977ರಲ್ಲಿ ಮಂಡೇಲಾ ಅದರಲ್ಲಿ ಸಹಿ ಹಾಕಿದ್ದು ಈ ನಾಟಕದಲ್ಲೇ, ಹೇಡಿಗಳು ಸಾವಿಗೆ ಮುಂಚೆ ಹಲವು ಸಲ ಸಾಯುತ್ತಾರೆ ಎನ್ನುವ ಸೀಸರನ ಮಾತಿನ ಪಕ್ಕ. ಡೋರನ್ನರ ಲೋಕದಲ್ಲಿ ಸೀಸರನನ್ನು ಎಚ್ಚರಿಸುವ ಕಣಿ ಹೇಳುವವನು ಹುಚ್ಚನಂತೆ ಕಾಣುವುದಿಲ್ಲ, ಸೀಸರನ ಹೆಂಡತಿ ಕಲ್ಪೂರ್ನಿಯಾಳ ಕನಸಿಗೂ ತೂಕವಿದೆ. ಹೈಟ್ನರ್ ಪ್ರಯೋಗದಲ್ಲಿ ಈ ಶಕುನಗಳು ಪೊಳ್ಳೆನಿಸುತ್ತವೆ. ದೇಶದ ಹೆಸರು ಹೇಳದೆ ಇಡೀ ಖಂಡವನ್ನು ಒಂದೇ ಊರು ಮಾಡಿದ್ದು ಮಾತ್ರ ಡೋರನ್ನರ ಕುಂದು.

ಫಿಲಿಡಾ ಲಾಯ್ಡ್ (ಡಾನ್ಮಾರ್ ವೇರ್‌ಹೌಸ್, 2012) ಇದನ್ನು ಮಹಿಳಾ ಜೈಲಿನ ಕೈದಿಗಳು ಆಡುವ ನಾಟಕ ಮಾಡಿದರು. ನಾಲ್ಕನೇ ಅಂಕದ ಬ್ರೂಟಸ್–ಕ್ಯಾಸಿಯಸ್ ಜಗಳದ ಹೊತ್ತಿಗೆ ಹ್ಯಾರಿಯೆಟ್ ವಾಲ್ಟರ್ ಬ್ರೂಟಸ್ ಆಗಿ ಅಚ್ಚಳಿಯದೆ ಉಳಿಯುತ್ತಾರೆ. ಕಥೆ ಮೊದಲೇ ತಿಳಿಯದವರಿಗೆ ನಾಟಕದೊಳಗಿನ ನಾಟಕ ಗೊಂದಲ ತರುತ್ತದೆ.

ಮೊದಲ ಸಲ ನೋಡುವವರಿಗೆ ಡೋರನ್, ಆಮೇಲೆ ಹೈಟ್ನರ್, ಕೊನೆಗೆ ಲಾಯ್ಡ್. ಆಂಟನಿಯ ಭಾಷಣವಿರುವ ಮೂರನೇ ಅಂಕದ ಎರಡನೇ ದೃಶ್ಯವನ್ನು ಮೊದಲೇ ಓದಿ, ಸಬ್‌ಟೈಟಲ್ ಹಾಕಿಕೊಳ್ಳಿ. ಎಲ್ಲಾದರೂ ನಿಂತು ನೋಡುವ ಪ್ರಯೋಗಕ್ಕೆ ಟಿಕೆಟ್ ಸಿಕ್ಕರೆ ಚಪ್ಪಟೆ ಅಡಿಯ ಪಾದರಕ್ಷೆ ಹಾಕಿ, ಚೀಲ ಹೊರಗಿಡಿ: ಬ್ರಿಡ್ಜ್‌ನಲ್ಲಿ ಮಧ್ಯಂತರವಿಲ್ಲದೆ ಸುಮಾರು 2 ಗಂಟೆ ನಿಲ್ಲಬೇಕಿತ್ತು. ಒಂದೇ ಕಡೆ ಕಾಲೂರಬೇಡಿ, ಮುಂದಿನ ವೇದಿಕೆ ಬೆನ್ನ ಹಿಂದೆಯೇ ಏಳಬಹುದು.