ಮೂರು ಬೇಸಿಗೆ, ಒಂದೇ ಸಮ್ಮರ್ ಕ್ಯಾಂಪ್, ಮತ್ತು ಆ ಚಿಟ್ಟೆ ರೆಕ್ಕೆ

ಈ ವಿಮರ್ಶೆ ಬರೆಯೋಕೆ ಕಾರಣ ಒಂದು ಜೊತೆ ಚಿಟ್ಟೆ ರೆಕ್ಕೆ. 600 ರೂಪಾಯಿ. ಮಿಣಮಿಣ ಹೊಳೆಯುತ್ತೆ, ಬೆನ್ನಿಗೆ ಚುಚ್ಚುತ್ತೆ. ಕ್ಯಾಂಪಿನ ಕೊನೆ ದಿನದ ಡ್ಯಾನ್ಸಿಗೆ ಅಂತ ತರಿಸಿದ್ದು. ಮಗಳು ಅದನ್ನು ಹಾಕಿಕೊಂಡಿದ್ದು ನಾಲ್ಕು ನಿಮಿಷ, ಅದರಲ್ಲಿ ಮೂರು ನಿಮಿಷ ಸ್ಟೇಜ್ ಮೇಲೆ ಸುಮ್ನೆ ನಿಂತು ನಾನೆಲ್ಲಿ ಕೂತಿದ್ದೇನೆ ಅಂತ ಹುಡುಕುತ್ತಿದ್ದಳು. ಈಗ ಅದು ಬೀರುವಿನ ಮೇಲೆ ಧೂಳು ತಿನ್ನುತ್ತಿದೆ.

ಮೈಸೂರಿನಲ್ಲಿ, ನಮ್ಮ ಕುವೆಂಪುನಗರದ ಕಡೆ, ಒಂದು ಹಳೇ ಮನೆಯ ಕಾಂಪೌಂಡಿನಲ್ಲಿ ನಡೆಯುವ ಕ್ಯಾಂಪ್ ಇದು. ಹೆಸರು ಹೇಳುವುದಿಲ್ಲ. ಏಪ್ರಿಲ್ ಮಧ್ಯದಿಂದ ಮೂರು ವಾರ, ಬೆಳಿಗ್ಗೆ 9.30ರಿಂದ 12.30. ಮಗಳಿಗೆ ಮೂರು ತುಂಬಿದಾಗಿನಿಂದ ಸತತ ಮೂರು ಬೇಸಿಗೆ ಕಳಿಸಿದ್ದೇನೆ. ಮೊದಲ ವರ್ಷ ಫೀಸು 3,000 ಇತ್ತು, ಈ ಸಲ 4,500. ರೆಕ್ಕೆ ಬೇರೆ.

ಇಷ್ಟು ಚಿಕ್ಕವರಿಗೆ ಕ್ಯಾಂಪ್ ಯಾಕೆ ಅಂತ ನಮ್ಮತ್ತೆ ಕೇಳಿದ್ದರು. ನಿಜ ಹೇಳಬೇಕಂದ್ರೆ ಟಿವಿಗೆ ಹೆದರಿ ಸೇರಿಸಿದ್ದು. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಸ್ಕ್ರೀನ್ ಮುಂದೆ ಒಂದು ಗಂಟೆಗಿಂತ ಜಾಸ್ತಿ ಕೂರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮನೆಯಲ್ಲಿ ರಜದ ದಿನ ಈ ಲೆಕ್ಕ ಪೂರ್ತಿ ಉಲ್ಟಾ. ನಾನು ಕೆಲಸಕ್ಕೆ ಹೋಗುತ್ತೇನೆ, ಅತ್ತೆಗೆ ಮಂಡಿ ನೋವು. ರಂಗಾಯಣದವರು ಬೇಸಿಗೆಯಲ್ಲಿ ನಡೆಸುವ ಮಕ್ಕಳ ನಾಟಕ ಶಿಬಿರ, ಚಿಣ್ಣರ ಮೇಳದ ಮೇಲೆ ಕಣ್ಣಿತ್ತು, ಆದರೆ ಅದು ದೊಡ್ಡ ಮಕ್ಕಳಿಗೆ. ನಮ್ಮ ಪುಟ್ಟಿಯಂಥವರಿಗೆ ಕೈಗೆಟುಕುವ ದುಡ್ಡಿನಲ್ಲಿ ಸಿಕ್ಕಿದ್ದು ಇದೊಂದೇ.

ಈಗ ಬೈಗುಳಕ್ಕೆ ಬರುತ್ತೇನೆ. ಮೂರು ವಾರದ ಕ್ಯಾಂಪಿನಲ್ಲಿ ಕೊನೆಯ ವಾರ ಪೂರ್ತಿ ಡ್ಯಾನ್ಸ್ ಪ್ರಾಕ್ಟೀಸ್. ಒಂದು ಗುಂಪು ಕುಣಿಯುವಾಗ ಉಳಿದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈ ಕಟ್ಟಿ ಕೂರಬೇಕು. ನಾಲ್ಕು ವರ್ಷದ ಮಗು ಕೈ ಕಟ್ಟಿ ಎಷ್ಟು ಹೊತ್ತು ಕೂರುತ್ತೆ? ಮಿಸ್ ಕಿರುಚುತ್ತಾರೆ, ಮಕ್ಕಳು ಅಳುತ್ತವೆ, ಸ್ಪೀಕರ್ ಎರಡು ಬೀದಿಗೆ ಕೇಳಿಸುತ್ತೆ. ಹೋದ ವರ್ಷ ಆ ವಾರದಲ್ಲಿ ಪುಟ್ಟಿ ಬೆಳಿಗ್ಗೆ ಎದ್ದ ತಕ್ಷಣ ಹೊಟ್ಟೆನೋವು ಅನ್ನೋಕೆ ಶುರು ಮಾಡಿದಳು. ಭಾನುವಾರ ಮಾತ್ರ ನೋವು ಇರಲಿಲ್ಲ! ಓಡಾಡಲಿ ಅಂತ ದುಡ್ಡು ಕೊಟ್ಟು ಕಳಿಸಿದರೆ ಕೂರಿಸುವುದನ್ನೇ ಕಲಿಸುತ್ತಾರೆ. ಇಷ್ಟಾದರೂ ಕ್ರಾಫ್ಟ್ ಅಂತ ಮನೆಗೆ ಬರುವ ನವಿಲು ಮಾತ್ರ ಅಚ್ಚುಕಟ್ಟು. ಅದರಲ್ಲಿ ನಮ್ಮ ಮಗಳ ಕೆಲಸ ಅಂದ್ರೆ ಕಣ್ಣಿನ ಚುಕ್ಕೆ ಒಂದೇ ಇರಬೇಕು, ಅದೊಂದೇ ಸೊಟ್ಟಗಿತ್ತು.

ಹಾಗಿದ್ರೆ ಮೂರು ವರ್ಷ ಯಾಕೆ ಕಳಿಸಿದೆ ಅಂತೀರಾ?

ಅಲ್ಲೊಂದು ಹೊಂಗೆ ಮರ ಇದೆ. ಏಪ್ರಿಲ್‌ನಲ್ಲಿ ಊರೆಲ್ಲ ಕಾದ ಕಾವಲಿಯ ಹಾಗಿರುವಾಗ ಅದರ ಕೆಳಗೆ ಮಾತ್ರ ತಂಪು. ಹೂವು ಉದುರಿ ನೆಲವೆಲ್ಲ ಕಡ್ಲೆಪುರಿ ಚೆಲ್ಲಿದ ಹಾಗೆ ಕಾಣುತ್ತೆ. ಮೊದಲ ಎರಡು ವಾರ ಮಕ್ಕಳ ಆಟ ಎಲ್ಲ ಅಲ್ಲೇ. ಹೂವನ್ನು ತೆಂಗಿನ ಚಿಪ್ಪಿಗೆ ತುಂಬಿ ಪುರಿ ಅಂಗಡಿ ಇಡುತ್ತಾರೆ, ಎಲೆ ಕೊಟ್ಟು ಕೊಳ್ಳುತ್ತಾರೆ, ಚಿಲ್ಲರೆ ಇಲ್ಲ ಅಂತ ಜಗಳ ಆಡುತ್ತಾರೆ. ಯಾರೂ ಹೇಳಿಕೊಟ್ಟ ಆಟವಲ್ಲ. ಮರದ ಪಕ್ಕ ಎಂ-ಸ್ಯಾಂಡಿನ ಒಂದು ಸಣ್ಣ ಗುಡ್ಡೆ. ಮನೆ ರಿಪೇರಿಗೆ ತರಿಸಿ ಉಳಿದಿದ್ದಂತೆ, ಕ್ಯಾಂಪಿನ ಪಟ್ಟಿಯಲ್ಲೇ ಇಲ್ಲ!

10.45ಕ್ಕೆ ತಿಂಡಿ. ಇದನ್ನು ನೋಡೋಕೆ ಅಂತಲೇ ನಾನು ಒಂದೆರಡು ದಿನ ಆಫೀಸಿಗೆ ಲೇಟಾಗಿ ಹೋಗಿದ್ದೇನೆ. ಅಲ್ಲಿನ ಆಯಮ್ಮ ಚೊಂಬಿನಲ್ಲಿ ನೀರು ಹಿಡಿದು ನಿಂತರೆ ಮಕ್ಕಳು ಸಾಲಾಗಿ ಬಂದು ಕೈ ತೊಳೆಯಬೇಕು. ಆಮೇಲೆ ಚಾಪೆ ಮೇಲೆ ಕೂತು ಅವರವರ ಡಬ್ಬಿ ಅವರವರೇ ತೆಗೆಯಬೇಕು. ಮುಚ್ಚಳ ಬಿಗಿ ಇದ್ದರೆ ಆಯಮ್ಮ ತೆಗೆದುಕೊಡುವುದಿಲ್ಲ. "ಉಗುರು ಹಾಕು ಕಂದ, ಆ ಮೂಲೆಲಿ" ಅಂತ ಪಕ್ಕದಲ್ಲಿ ಕೂತು ಕಾಯುತ್ತಾರೆ. ಮನೆಯಲ್ಲಿ ಬಾಯಿಗಿಟ್ಟರೂ ಚಿತ್ರಾನ್ನ ನುಂಗದ ನಮ್ಮ ಪುಟ್ಟಿ ಅಲ್ಲಿ ಕಡಲೆಬೀಜ ಒಂದೊಂದೇ ಆರಿಸಿ ತಿಂದು, ಡಬ್ಬಿ ಕಾಲಿ ಮಾಡಿ, ಮುಚ್ಚಳ ಹಾಕಿ, ಬ್ಯಾಗಿಗೆ ಸೇರಿಸುತ್ತಾಳೆ. ಇದನ್ನೆಲ್ಲ ಕಲಿಸಿದ್ದು ಆ ಆಯಮ್ಮ. ಬ್ರೋಷರಿನಲ್ಲಿ ಅವರ ಫೋಟೊ ಕೂಡ ಇಲ್ಲ.

ಬಾತ್‌ರೂಮು ಚೊಕ್ಕ, ಮಕ್ಕಳ ಎತ್ತರಕ್ಕೆ ಒಂದು ಸ್ಟೂಲ್ ಇದೆ. ಗೇಟಿಗೆ ಒಳಗಡೆಯಿಂದ ಚಿಲಕ. ಈ ವಯಸ್ಸಿನವರನ್ನು ಎಲ್ಲಿ ಸೇರಿಸುವುದಾದರೂ ಈ ಎರಡನ್ನು ಮೊದಲು ನೋಡಿ, ಗೋಡೆ ಮೇಲಿನ ಕಾರ್ಟೂನ್ ಆಮೇಲೆ. ಎಷ್ಟು ಮಕ್ಕಳಿಗೆ ಒಬ್ಬ ಮಿಸ್ ಅಂತಲೂ ಕೇಳಿ. ಇಲ್ಲಿ ಮೊದಲ ವರ್ಷ ಎಂಟು ಮಕ್ಕಳಿಗೆ ಒಬ್ಬರಿದ್ದರು, ಈ ವರ್ಷ ಹದಿಮೂರಕ್ಕೆ ಒಬ್ಬರು. ಆ ಹೆಚ್ಚಿದ ಫೀಸು ಎಲ್ಲಿಗೆ ಹೋಯಿತೋ, ಸ್ಪೀಕರಿಗಿರಬಹುದು.

ಈ ಸಲ ನಾನೇ ಒಂದು ದಾರಿ ಮಾಡಿಕೊಂಡೆ. ಡ್ಯಾನ್ಸ್ ವಾರದಲ್ಲಿ ಎರಡು ದಿನ ರಜ ಹಾಕಿ ಅವಳನ್ನು ಕಾರಂಜಿ ಕೆರೆಗೂ ಜೂಗೂ ಕರೆದುಕೊಂಡು ಹೋದೆ. ಮಂಗಳವಾರ ಜೂಗೆ ರಜೆ, ನೆನಪಿರಲಿ. ನಾನು ಮರೆತು ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೇನೆ.

ಮುಂದಿನ ಏಪ್ರಿಲ್‌ಗೆ ಚಿಕ್ಕವನಿಗೆ ಮೂರು ತುಂಬುತ್ತೆ. ಮೊದಲ ಎರಡು ವಾರಕ್ಕೆ ಮಾತ್ರ ಸೇರಿಸಿಕೊಳ್ಳುತ್ತೀರಾ ಅಂತ ಕ್ಯಾಂಪಿನವರನ್ನು ಕೇಳಿದೆ. "ಡ್ಯಾನ್ಸ್ ಬೇಡ್ವಾ ಮೇಡಂ? ಎಲ್ಲಾ ಪೇರೆಂಟ್ಸ್ ಅದನ್ನೇ ಕೇಳ್ತಾರಲ್ಲ" ಅಂತ ನನ್ನನ್ನೇ ವಿಚಿತ್ರವಾಗಿ ನೋಡಿದರು. ಆಮೇಲೆ ಒಪ್ಪಿದರು, ಫೀಸು ಮಾತ್ರ ಪೂರ್ತಿ ಕೊಡಬೇಕಂತೆ. ಕೊಡುತ್ತೇನೆ. ಆದರೆ ಆಯಮ್ಮ ಬರುತ್ತಾರಾ ಅಂತ ಮೊದಲು ಫೋನ್ ಮಾಡಿ ಕೇಳಿಕೊಂಡೇ.

ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಒಂದು ಹೊಂಗೆ ಮರದ್ದು.